ಕುತ್ತಿಗೆ ಅವರದ್ದು, ಲೆಕ್ಕ ನಮ್ಮದು

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಸಂಘದವರೆಲ್ಲ ಒಂದೇ ಬಣ್ಣದ ಜುಬ್ಬಾ ಹಾಕಿಕೊಂಡು ವೇದಿಕೆ ಹತ್ತಿದ್ದು ನಿಮಗೆ ನೆನಪಿರಬಹುದು. ಫೋಟೋ ಚೆನ್ನಾಗಿ ಬಂದಿತ್ತು, ಎಲ್ಲರೂ ಸ್ಟೇಟಸ್ ಹಾಕಿದ್ದೆವು. ಆ 40 ಜುಬ್ಬಾ ಹೊಲಿದುಕೊಟ್ಟವರು ಹೊನ್ನಾವರದ ಕಡೆಯ ಒಬ್ಬ ಅಕ್ಕ. ನಾವು ಬಟ್ಟೆ ಕೊಟ್ಟದ್ದು ಅಕ್ಟೋಬರ್ 19ಕ್ಕೆ, ಕೇಳಿದ್ದು 31ಕ್ಕೆ. ಅಂದರೆ 12 ದಿನ, 40 ಜುಬ್ಬಾ, ಒಂದು ಮಷಿನ್. "ಆಗ್ತದಾ ಅಕ್ಕ?" ಅಂತ ಕೇಳಿದ್ದಕ್ಕೆ "ಮಾಡ್ಕೊಡ್ತೆ ತಮಾ, ಹುಡುಗ್ರ ಕಾರ್ಯಕ್ರಮ ಅಲ್ವಾ" ಅಂದರು. ನಾವು ನಿಶ್ಚಿಂತೆಯಿಂದ ಬಸ್ಸು ಹತ್ತಿದೆವು.

ಎಂಟನೇ ದಿನ ಎಷ್ಟಾಯ್ತು ಅಂತ ನೋಡಲು ಹೋದೆವು. ಜಗಲಿಯ ಮೇಲೆ ಮಷಿನ್, ಪಕ್ಕದಲ್ಲಿ ನಮ್ಮ ಜುಬ್ಬಾಗಳ ರಾಶಿ, ಮನೆ ತುಂಬ ನೋವಿನ ಮುಲಾಮಿನ ವಾಸನೆ. ಅಕ್ಕ ಬಲಗೈಯಲ್ಲಿ ಬಟ್ಟೆ ಹಿಡಿದಿದ್ದರು, ಎಡಗೈ ಕುತ್ತಿಗೆಯ ಹಿಂದೆ ಇತ್ತು. "ಎಂತ ಆಯ್ತು ಅಕ್ಕ?" ಅಂದರೆ, "ಇದು ಹೊಸದಲ್ಲ. ಬೆಂಗಳೂರಲ್ಲಿ ಏಳು ವರ್ಷ ಗಾರ್ಮೆಂಟ್ಸ್‌ನಲ್ಲಿದ್ದೆ, ಅಲ್ಲಿಂದ ತಂದ ಗಂಟು ಇದೊಂದೇ" ಎಂದು ನಕ್ಕರು.

ಅಲ್ಲಿ ಅವರ ಕೆಲಸ ಕಾಲರ್ ಕೂರಿಸೋದು. ದಿನವಿಡೀ ಕಾಲರ್, ಬೇರೇನೂ ಇಲ್ಲ. ನೋವು ಶುರುವಾದಾಗ ಫ್ಯಾಕ್ಟರಿಯ ನರ್ಸ್ ಮಾತ್ರೆ ಕೊಟ್ಟು ಕಳಿಸಿದರಂತೆ. ಹೆಚ್ಚಾದಾಗ ಡಾಕ್ಟರ ಹತ್ತಿರ ಹೋದರೆ ಅವರು ಹೇಳಿದ್ದು ಒಂದೇ ಮಾತು: "ಕುತ್ತಿಗೆ ಬಗ್ಗಿಸಿ ಕೂರಬೇಡಿ."

"ನೀವೆಲ್ಲ ಇಂಜಿನಿಯರಿಂಗ್ ಓದೂರು, ಹೇಳಿ ಕಾಂಬ," ಅಂದರು ಅಕ್ಕ. "ಬಗ್ಗದೆ ಸೂಜಿ ಕಾಣೂದು ಹ್ಯಾಂಗೆ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಐದು ಜನ ಹೋಗಿದ್ದೆವು. ಮೆಕ್ಯಾನಿಕಲ್ ಇಬ್ಬರು, ಇ.ಸಿ. ಒಬ್ಬ, ಸಿ.ಎಸ್. ಇಬ್ಬರು. ವಾಪಸು ಬರುವಾಗ ಬಸ್ಸಿನಲ್ಲಿ ಇದೇ ಮಾತು. ಡಾಕ್ಟರ ಸಲಹೆ ಆರೋಗ್ಯದ ಮಟ್ಟಿಗೆ ಸರಿ, ಜ್ಯಾಮಿತಿಯ ಮಟ್ಟಿಗೆ ಅಸಾಧ್ಯ. ಸೂಜಿ ಇರುವ ಎತ್ತರ, ಕೂರುವ ಎತ್ತರ, ಕಣ್ಣಿಗೂ ಬಟ್ಟೆಗೂ ಇರುವ ದೂರ, ಬೆಳಕು ಇವೆಲ್ಲವನ್ನೂ ಬೇರೆ ಯಾರೋ ನಿಗದಿ ಮಾಡಿದ ಮೇಲೆ, ಬಗ್ಗುವುದೊಂದೇ ಹೊಲಿಯುವವರ ಪಾಲಿಗೆ ಉಳಿಯುವ ದಾರಿ. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೇ: ಹೊಲಿಗೆಯವರ ಕುತ್ತಿಗೆ ನೋವು ಅವರ ಮೈಯ ದೋಷ ಅಂತ ಎಲ್ಲರೂ ತಿಳಿದಿದ್ದಾರೆ. ಅದು ಕೆಲಸದ ಜಾಗದ ವಿನ್ಯಾಸದ ದೋಷ. ವಿನ್ಯಾಸ ಮಾಡುವವರು ನಾಳೆ ನಾವೇ.

ಐದು ಕಿಲೋ ತಲೆಯ ಲೆಕ್ಕ

ಮೊದಲ ಸೆಮಿಸ್ಟರಿನ ಮೆಕ್ಯಾನಿಕ್ಸ್ ಸಾಕು, ಬನ್ನಿ ಮಾಡಿ ನೋಡೋಣ. ದೊಡ್ಡವರ ತಲೆಯ ತೂಕ ಸುಮಾರು 5 ಕಿಲೋ. ನೆಟ್ಟಗೆ ಕೂತಾಗ ಈ ತೂಕ ಹೆಚ್ಚುಕಡಿಮೆ ಬೆನ್ನುಮೂಳೆಯ ನೇರಕ್ಕೇ ಇಳಿಯುತ್ತದೆ, ಹಿಂದಿನ ಸ್ನಾಯುಗಳಿಗೆ ಹೆಚ್ಚು ಕೆಲಸವಿಲ್ಲ. ಈಗ ಕುತ್ತಿಗೆಯನ್ನು 30 ಡಿಗ್ರಿ ಮುಂದೆ ಬಾಗಿಸಿ. ಕುತ್ತಿಗೆಯ ಬುಡದಿಂದ ತಲೆಯ ಗುರುತ್ವ ಕೇಂದ್ರಕ್ಕೆ 16 ಸೆಂ.ಮೀ. ಅಂತ ಹಿಡಿದರೆ, ಸೈನ್ 30 ಅರ್ಧ, ಆದ್ದರಿಂದ ತಲೆ 8 ಸೆಂ.ಮೀ. ಮುಂದೆ ತೂಗುತ್ತಿದೆ. ಅದನ್ನು ಹಿಡಿದು ನಿಲ್ಲಿಸುವ ಸ್ನಾಯು ಮೂಳೆಯಿಂದ ಹಿಂದಕ್ಕೆ 4 ಸೆಂ.ಮೀ. ದೂರದಲ್ಲಿದೆ ಅಂತ ಹಿಡಿಯೋಣ. ಮೊಮೆಂಟ್ ಸಮ ಮಾಡಿ: 5 ಗುಣಿಲೆ 8, ಭಾಗಿಸು 4. ಸ್ನಾಯು 10 ಕಿಲೋದಷ್ಟು ಎಳೆಯಬೇಕು. ತಲೆಯ ಭಾರವನ್ನೂ ಸೇರಿಸಿದರೆ ಕುತ್ತಿಗೆಯ ಬುಡದ ಮೇಲೆ 14 ಕಿಲೋ ಹತ್ತಿರ ಬೀಳುತ್ತದೆ. ನೆಟ್ಟಗಿದ್ದಾಗಿನ ಭಾರದ ಹತ್ತಿರ ಹತ್ತಿರ ಮೂರು ಪಟ್ಟು.

ಇದು ನಾವು ಸರಳ ಮಾಡಿಕೊಂಡ ಲೆಕ್ಕ. ಅಮೆರಿಕದ ಬೆನ್ನುಮೂಳೆ ಶಸ್ತ್ರಚಿಕಿತ್ಸಕ ಕೆನೆತ್ ಹನ್ಸರಾಜ್ 2014ರಲ್ಲಿ ಗಣಿತದ ಮಾದರಿಯಿಂದ ಲೆಕ್ಕ ಹಾಕಿದಾಗ 30 ಡಿಗ್ರಿಗೆ ಸುಮಾರು 18 ಕಿಲೋ, 60 ಡಿಗ್ರಿಗೆ ಸುಮಾರು 27 ಕಿಲೋ ಬಂದಿತ್ತು. ಅವರು ಲೆಕ್ಕ ಹಾಕಿದ್ದು ಮೊಬೈಲ್ ನೋಡುವವರ ಕುತ್ತಿಗೆಗಾಗಿ. ಪೇಪರಿನಲ್ಲಿ, ಟಿವಿಯಲ್ಲಿ ಆಗ ಅದು ದೊಡ್ಡ ಸುದ್ದಿಯಾಯಿತು. ಮೊಬೈಲ್ ಬರುವ ಎಷ್ಟೋ ಮೊದಲೇ ಹಾಗೆ ಬಗ್ಗಿ ಕೂತವರು ದರ್ಜಿಗಳು. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝಿನಿ 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದಾಗ ಅದರಲ್ಲಿ ದರ್ಜಿಗಳ ಮಾತೂ ಇತ್ತು. ಮುನ್ನೂರು ವರ್ಷದ ಹಿಂದೆಯೇ ಗೊತ್ತಿದ್ದ ವಿಷಯ ಇದು.

ಭಾರಕ್ಕಿಂತ ಕೆಟ್ಟದ್ದು ಹೊತ್ತು. ಒಂದು ಬಕೆಟ್ ನೀರು ಎತ್ತಿ ಇಳಿಸಿದರೆ ಏನೂ ಆಗೋದಿಲ್ಲ. ಅದೇ ಬಕೆಟ್ಟನ್ನು ಎತ್ತಿ ಹಿಡಿದು ಹತ್ತು ನಿಮಿಷ ನಿಲ್ಲಿ, ಗೊತ್ತಾಗ್ತದೆ. ಬಿಗಿ ಹಿಡಿದು ನಿಂತ ಸ್ನಾಯುವಿನೊಳಗೆ ರಕ್ತ ಸರಿಯಾಗಿ ಓಡಾಡುವುದಿಲ್ಲ, ದಣಿವು ಅಲ್ಲೇ ಕೂರುತ್ತದೆ. ಹೊಲಿಯುವವರ ಕುತ್ತಿಗೆ ದಿನಕ್ಕೆ ಎಂಟು ಗಂಟೆ ಬಕೆಟ್ ಹಿಡಿದು ನಿಂತಿರುತ್ತದೆ.

"ನಮಗೂ ಲ್ಯಾಪ್‌ಟಾಪ್ ಮುಂದೆ ಕೂತು ಕುತ್ತಿಗೆ ಹಿಡೀತದಲ್ಲ" ಅಂತ ನೀವು ಹೇಳಬಹುದು. ಹೌದು, ಹಿಡೀತದೆ. ಹಿಡಿದರೆ ನಾವು ಎದ್ದು ಕ್ಯಾಂಟೀನಿಗೆ ಹೋಗ್ತೇವೆ. ಲೈನಿನಲ್ಲಿ ಕೂತವರು ಎದ್ದರೆ ಹಿಂದಿನವರ ಪೀಸು ಅವರ ಮುಂದೆ ರಾಶಿ ಬೀಳುತ್ತದೆ, ಮುಂದಿನವರು ಕೈ ಖಾಲಿ ಕೂರುತ್ತಾರೆ, ಸೂಪರ್‌ವೈಸರ್ ಬಂದು ನಿಲ್ಲುತ್ತಾರೆ. "ನೀರು ಕುಡಿದ್ರೆ ಬಾತ್ರೂಮಿಗೆ ಹೋಗ್ಬೇಕಲ್ಲ ಅಂತ ನೀರೇ ಕುಡೀತಿರ್ಲಿಲ್ಲ" ಅಂದರು ಅಕ್ಕ. ನಮ್ಮ ನೋವಿಗೂ ಅವರ ನೋವಿಗೂ ಇರುವ ವ್ಯತ್ಯಾಸ ಇದರಲ್ಲಿದೆ.

ಸ್ಟಾಪ್‌ವಾಚ್ ಹಿಡಿದವರು ಯಾರು?

ಗಾರ್ಮೆಂಟ್ಸ್ ಅಂದರೆ ಕರ್ನಾಟಕದಲ್ಲಿ ಸಣ್ಣ ಮಾತಲ್ಲ. ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ, ಆಚೆಗೆ ದೊಡ್ಡಬಳ್ಳಾಪುರ, ರಾಮನಗರ, ಮದ್ದೂರು, ಶ್ರೀರಂಗಪಟ್ಟಣ, ಹಾಸನ ಎಲ್ಲ ಸೇರಿ ಲಕ್ಷಗಟ್ಟಲೆ ಜನ, ಅದರಲ್ಲಿ ಹೆಚ್ಚಿನವರು ಹೆಂಗಸರು. ನಮ್ಮ ಕರಾವಳಿಯಿಂದಲೂ ಘಟ್ಟ ಹತ್ತಿ ಹೋದವರಿದ್ದಾರೆ.

ಅಲ್ಲಿ ಪ್ರತಿ ಲೈನಿಗೂ ಒಂದು ಟಾರ್ಗೆಟ್ ಇರುತ್ತದೆ. ಅದು ಮೇಲಿಂದ ಉದುರುವುದಿಲ್ಲ, ಯಾರೋ ಕೂತು ಲೆಕ್ಕ ಹಾಕಿರುತ್ತಾರೆ. ಒಂದು ಕೆಲಸಕ್ಕೆ ಎಷ್ಟು ನಿಮಿಷ ಬೇಕು ಎಂಬುದನ್ನು ಗಾರ್ಮೆಂಟ್ಸ್ ಭಾಷೆಯಲ್ಲಿ 'ಸ್ಯಾಮ್' ಅಂತಾರೆ. ಅದನ್ನು ಅಳೆಯುವವರಿಗೆ ಫ್ಲೋರ್‌ನಲ್ಲಿ 'ಐ.ಇ.' ಅಂತ ಹೆಸರು. ಇಂಡಸ್ಟ್ರಿಯಲ್ ಇಂಜಿನಿಯರ್. ಹೌದು ಗೆಳೆಯರೇ, ನಮ್ಮಂಥ ಕಾಲೇಜಿನಿಂದ ಪಾಸಾಗಿ ಹೋದವರೂ ಅಲ್ಲಿದ್ದಾರೆ.

ಉದಾಹರಣೆಗೆ ಒಂದು ಕೆಲಸದ ಸ್ಯಾಮ್ ಅರ್ಧ ನಿಮಿಷ ಅಂತ ಇಟ್ಟುಕೊಳ್ಳಿ. ಗಂಟೆಗೆ 120 ಪೀಸ್, ಎಂಟು ಗಂಟೆಗೆ 960. ಪ್ರತಿ ಪೀಸಿಗೆ ಎಡಕ್ಕೊಮ್ಮೆ ತಿರುಗಿ ಬಂಡಲಿನಿಂದ ತೆಗೆದುಕೊಳ್ಳಬೇಕು, ಬಲಕ್ಕೊಮ್ಮೆ ತಿರುಗಿ ಮುಗಿದದ್ದನ್ನು ಇಡಬೇಕು ಅಂದರೆ ದಿನಕ್ಕೆ 1,920 ಸಲ ತಿರುಗುವುದು. ಅದೂ ಬಾಗಿದ ಕುತ್ತಿಗೆಯನ್ನು ತಿರುಗಿಸುವುದು. ಎಕ್ಸೆಲ್ ಶೀಟಿನಲ್ಲಿ ಇದು '0.50' ಎಂಬ ಒಂದೇ ಮನೆಯಲ್ಲಿ ಮುಗಿದುಹೋಗುತ್ತದೆ.

ವರ್ಕ್ ಸ್ಟಡಿ ಓದಿದವರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ. ಕೆಲಸದ ಸಮಯಕ್ಕೆ 'ಅಲವೆನ್ಸ್' ಅಂತ ಒಂದಿಷ್ಟು ಶೇಕಡಾ ಸೇರಿಸುತ್ತೇವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಪುಸ್ತಕದಿಂದ ಬಂದು ನಮ್ಮ ಎಲ್ಲ ಪಠ್ಯಗಳಲ್ಲೂ ಸೇರಿಕೊಂಡಿರುವ ಆ ಕೋಷ್ಟಕದಲ್ಲಿ, ಬಗ್ಗಿ ಮಾಡುವ ಅನನುಕೂಲದ ಭಂಗಿಗೆ ಗಂಡಸರಿಗೆ ಶೇ. 2, ಹೆಂಗಸರಿಗೆ ಶೇ. 3 ಕೊಟ್ಟಿದ್ದಾರೆ. ಎಂಟು ಗಂಟೆಗೆ 480 ನಿಮಿಷ. ಅದರ ಶೇ. 3 ಅಂದರೆ 14 ನಿಮಿಷ ಮತ್ತು ಕೆಲವು ಸೆಕೆಂಡು. ನಾವು ಪರೀಕ್ಷೆಯಲ್ಲಿ ಆ ಕೋಷ್ಟಕ ನೋಡಿ ಉತ್ತರ ಬರೆದು ಪೂರ್ತಿ ಅಂಕ ತಗೊಂಡಿದ್ದೇವೆ. ದಿನವಿಡೀ ಬಗ್ಗಿದ ಕುತ್ತಿಗೆಗೆ 14 ನಿಮಿಷ ಸಾಕೇ ಅಂತ ಯಾರೂ ಕೇಳಿಲ್ಲ. ಅದಕ್ಕಿಂತ ದೊಡ್ಡ ಪ್ರಶ್ನೆಯನ್ನೂ ಕೇಳಿಲ್ಲ: ಬಗ್ಗುವಂತೆ ಮಾಡಿದ ಮೇಜನ್ನು ಹಾಗೇ ಬಿಟ್ಟು, ಬಗ್ಗಿದ್ದಕ್ಕೆ ಶೇಕಡಾ ಕೊಟ್ಟು ಮುಗಿಸುವುದು ಇಂಜಿನಿಯರಿಂಗ್ ಹೇಗಾಗುತ್ತದೆ? ಸೇತುವೆಯ ತೊಲೆ ಬಾಗಿದರೆ ತೊಲೆಗೆ ವಿಶ್ರಾಂತಿ ಕೊಡಿ ಅಂತ ಸಿವಿಲ್‌ನವರು ಬರೆಯುವುದಿಲ್ಲವಲ್ಲ.

ಅಳತೆಗೋಲೂ ನಮ್ಮ ಹತ್ತಿರ ಇದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಮ್ಯಾಕಟಾಮ್ನಿ ಮತ್ತು ಕಾರ್ಲೆಟ್ 1993ರಲ್ಲಿ 'ರೂಲಾ' ಎಂಬ ಪದ್ಧತಿ ಕೊಟ್ಟರು. ಒಂದು ಹಾಳೆ, ಒಂದು ಪೆನ್ನು ಸಾಕು. ಕುತ್ತಿಗೆ 10 ಡಿಗ್ರಿಯೊಳಗೆ ಬಾಗಿದ್ದರೆ 1 ಅಂಕ, 20ರೊಳಗೆ 2, ಅದಕ್ಕಿಂತ ಹೆಚ್ಚಾದರೆ 3, ತಿರುಗಿಸಿದ್ದರೆ ಇನ್ನೊಂದು. ಹೀಗೆ ಕೈ, ಮಣಿಕಟ್ಟು, ಬೆನ್ನು, ಕಾಲು ಎಲ್ಲ ನೋಡಿ ಕೊನೆಗೆ 1ರಿಂದ 7ರೊಳಗೆ ಒಂದು ಅಂಕಿ ಬರುತ್ತದೆ. 7 ಬಂದರೆ ಕೂಡಲೇ ಬದಲಾಯಿಸಿ ಅಂತ ಅರ್ಥ. ಸ್ಟಾಪ್‌ವಾಚ್ ಹಿಡಿದು ಸ್ಯಾಮ್ ಅಳೆಯಲು ನಿಂತವರು ಅದೇ ಜಾಗದಲ್ಲಿ ನಿಂತು ಇದನ್ನೂ ಅಳೆಯಬಹುದು. ಹತ್ತು ನಿಮಿಷ ಹೆಚ್ಚು ಹಿಡಿದೀತು.

ಪಟ್ಟಿಯಲ್ಲಿಲ್ಲದ ಕಾಯಿಲೆ

ಇಷ್ಟು ಸ್ಪಷ್ಟ ಇದ್ದರೂ ಯಾಕೆ ಅಳೆಯೋದಿಲ್ಲ? ಅಳೆಯಲೇಬೇಕು ಅಂತ ಒತ್ತಾಯ ಇಲ್ಲದ್ದು ಒಂದು ಕಾರಣ ಅಂತ ನಮಗೆ ಅನ್ನಿಸುತ್ತದೆ. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ 29 ಕಾಯಿಲೆಗಳ ಪಟ್ಟಿ ಕೊಟ್ಟಿದ್ದರು. ಅವು ಕಾರ್ಮಿಕರಲ್ಲಿ ಕಂಡರೆ ಸರ್ಕಾರಕ್ಕೆ ತಿಳಿಸಬೇಕಿತ್ತು. ಸೀಸದ ವಿಷ ಅದರಲ್ಲಿತ್ತು, ಸಿಲಿಕೋಸಿಸ್ ಇತ್ತು, ಸದ್ದಿನಿಂದ ಬರುವ ಕಿವುಡು ಇತ್ತು. ಹತ್ತಿಯ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಬಿಸಿನೋಸಿಸ್ ಕೂಡ ಇತ್ತು. ಹೊಲಿಯುತ್ತ ಹೊಲಿಯುತ್ತ ಕುತ್ತಿಗೆ, ಹೆಗಲು, ಬೆನ್ನಿಗೆ ಬರುವ ನೋವು ಇರಲಿಲ್ಲ. ಬಟ್ಟೆಯ ಧೂಳು ಎದೆಗಿಳಿದರೆ ಅದು ಉದ್ಯೋಗದ ಕಾಯಿಲೆ. ಬಟ್ಟೆ ಹೊಲಿದು ಕುತ್ತಿಗೆ ಹೋದರೆ "ಮನೆ ಕೆಲಸ ಜಾಸ್ತಿ ಮಾಡ್ತೀರಿ", "ದಿಂಬು ಬದಲಾಯಿಸಿ", "ವಯಸ್ಸಾಯ್ತು".

ಗಂಟೆಗಳಂತೂ ಹೆಚ್ಚುವ ದಿಕ್ಕಿಗೇ ಹೊರಟಿವೆ. 2023ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಿತು. ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆವರೆಗೂ ದುಡಿಸಲು ಅದು ಅವಕಾಶ ಕೊಟ್ಟಿತು. ವಾರದ ಮೊತ್ತ ಅಷ್ಟೇ ಇದೆಯಲ್ಲ ಅನ್ನಬಹುದು. ಬಕೆಟ್ ಹಿಡಿದ ಕೈಗೆ ವಾರದ ಮೊತ್ತ ಗೊತ್ತಾಗುವುದಿಲ್ಲ, ಆ ದಿನದ ಹನ್ನೊಂದನೇ ಗಂಟೆ, ಹನ್ನೆರಡನೇ ಗಂಟೆ ಗೊತ್ತಾಗುತ್ತದೆ.

2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಕೆಲಸ ಬಿಟ್ಟು ಹೊಸೂರು ರಸ್ತೆಗೆ ಇಳಿದದ್ದು ಕೆಲವರಿಗೆ ನೆನಪಿರಬಹುದು, ನಾವಾಗ ಶಾಲೆಯಲ್ಲಿದ್ದೆವು. ಪಿ.ಎಫ್.ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ಆಗುವ ತನಕ ತೆಗೆಯುವ ಹಾಗಿಲ್ಲ ಎಂಬ ನಿಯಮದ ವಿರುದ್ಧ ಅದು. ಕೇಂದ್ರ ಸರ್ಕಾರ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ಆಗ ಎಲ್ಲರೂ ಅದನ್ನು ದುಡ್ಡಿನ ಜಗಳ ಅಂತ ನೋಡಿದರು. ಅಕ್ಕನ ಮಾತು ಕೇಳಿದ ಮೇಲೆ ನಮಗೆ ಅದು ಬೇರೆ ಥರ ಕಾಣುತ್ತಿದೆ. ಬೆನ್ನಾಸರೆ ಇಲ್ಲದ ಸ್ಟೂಲಿನ ಮೇಲೆ 58ರ ತನಕ ಕೂರಲು ಯಾರಿಂದ ಆಗುತ್ತದೆ? ಅಕ್ಕ ಊರಿಗೆ ವಾಪಸು ಬಂದದ್ದು 36ಕ್ಕೆ.

ವಾಪಸು ಬಂದ ಮೇಲೆ ಇನ್ನೊಂದು ಕಷ್ಟ. ಫ್ಯಾಕ್ಟರಿಯಲ್ಲಿದ್ದಾಗ ಇ.ಎಸ್.ಐ. ಇತ್ತು, ಕಾಯಿಲೆ ರಜೆಗೆ ಸಂಬಳದ ಶೇ. 70ರಷ್ಟು ವರ್ಷಕ್ಕೆ 91 ದಿನದ ತನಕ ಸಿಗುವ ಅವಕಾಶ ಇತ್ತು. ಜಗಲಿಯ ಮೇಲೆ ಕೂತು ಹೊಲಿಯುವವರಿಗೆ ಅದ್ಯಾವುದೂ ಇಲ್ಲ. ನೋವು ಕೈಗಿಳಿದು ಬೆರಳು ಜೋಮು ಹಿಡಿಯಲು ಶುರುವಾದರೆ ಸ್ಕ್ಯಾನಿಂಗ್, ನರದ ಡಾಕ್ಟರು ಅಂತ ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕು. ಕುಮಟಾದಿಂದ ಮಣಿಪಾಲ ಸುಮಾರು 150 ಕಿ.ಮೀ. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ನಾವೆಲ್ಲ ಪೋಸ್ಟ್ ಹಾಕಿದ್ದೇವೆ. ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಆಸ್ಪತ್ರೆ ಬೇಕಾಗದ ಹಾಗೆ ಮಾಡುವ ಕೆಲಸಕ್ಕೆ ಯಾರ ಮಂಜೂರಾತಿಯೂ ಬೇಡ.

ಎರಡು ಇಂಚಿನ ಪ್ರಯೋಗ

ಜುಬ್ಬಾ ಕೆಲಸ ಮುಗಿದ ಮೇಲೆ ನಾವು ಮತ್ತೆ ಅಕ್ಕನ ಮನೆಗೆ ಹೋದೆವು. ಒಪ್ಪಿಗೆ ಕೇಳಿ ಬದಿಯಿಂದ ಒಂದು ಫೋಟೋ ತೆಗೆದು, ಮುಖ ಅಳಿಸಿ, ಅದರ ಮೇಲೆ ಗೆರೆ ಎಳೆದು ಕೋನ ಅಳೆದೆವು. 40 ಡಿಗ್ರಿ ಹತ್ತಿರ ಬಂತು. ಮಷಿನ್ ಹಳೆಯ ಕಾಲದ್ದು, ಕಬ್ಬಿಣದ ಸ್ಟ್ಯಾಂಡಿನದ್ದು. ಮೋಟರು ಕೂರಿಸಿದ್ದಾರೆ, ಕಾಲಲ್ಲಿ ಒತ್ತುವ ಪೆಡಲ್ ನೆಲದ ಮೇಲೆ ಬೇರೆಯೇ ಇದೆ. ಹಾಗಾಗಿ ಮೇಜು ಎತ್ತರಿಸಲು ತೊಂದರೆ ಇರಲಿಲ್ಲ.

ನಾವು ಹುಮ್ಮಸ್ಸಿನಲ್ಲಿ ನಾಲ್ಕು ಕಾಲಿಗೂ 4 ಇಂಚು ಮರದ ತುಂಡು ಇಟ್ಟೆವು. ಕುತ್ತಿಗೆ ನೆಟ್ಟಗಾಯಿತು. ಅರ್ಧ ಗಂಟೆಗೆ ಅಕ್ಕ, "ತಮಾ, ಈಗ ಹೆಗಲು ಹಿಡೀತದೆ" ಅಂದರು. ಮೇಜು ಎತ್ತರವಾದಾಗ ಮೊಣಕೈ ಮೇಲೆತ್ತಿ ಹೊಲಿಯಬೇಕಾಗಿತ್ತು. ಕುತ್ತಿಗೆಯ ಭಾರ ತೆಗೆದು ಹೆಗಲಿಗೆ ಹೊರಿಸಿದ್ದೆವು ಅಷ್ಟೇ. ಆಮೇಲೆ ಹುಡುಕಿ ಓದಿದಾಗ ತಿಳಿಯಿತು, ನೆದರ್ಲೆಂಡ್ಸಿನ ಡೆಲೆಮನ್ ಮತ್ತು ಡುಲ್ ಎಂಬ ಸಂಶೋಧಕರು ಹೊಲಿಗೆ ಮಷಿನ್ನಿನ ಮೇಜಿನ ಬಗ್ಗೆಯೇ ಅಧ್ಯಯನ ಮಾಡಿದ್ದಾರೆ. ಮೇಜು ಮೊಣಕೈಗಿಂತ ತುಸು ಮೇಲಿರಲಿ, ಜೊತೆಗೆ ಹೊಲಿಯುವವರ ಕಡೆಗೆ ಸುಮಾರು 10 ಡಿಗ್ರಿ ಓರೆ ಇರಲಿ ಎಂಬುದು ಅವರ ಸಲಹೆ.

ಹಾಗಾಗಿ ಎತ್ತರವನ್ನು 2 ಇಂಚಿಗೆ ಇಳಿಸಿದೆವು. ಓರೆಗೆ ಹಿಂದಿನ ಕಾಲು ಮಾತ್ರ ಇನ್ನಷ್ಟು ಎತ್ತರಿಸಬೇಕು. ಹಿಂದಿನ ಮುಂದಿನ ಕಾಲುಗಳ ನಡುವೆ 14 ಇಂಚು, ಟ್ಯಾನ್ 10 ಅಂದರೆ 0.176, ಗುಣಿಸಿದರೆ ಎರಡೂವರೆ ಇಂಚು. ಇಟ್ಟು ಮೋಟರು ಹಾಕಿದರೆ ಮಷಿನ್ ನಡುಗುತ್ತ ಮುಂದೆ ಜಾರಿತು. ಹಳೇ ಟಯರಿನ ತುಂಡು ಕೆಳಗೆ ಕೊಟ್ಟ ಮೇಲೆ ನಿಂತಿತು. ಕತ್ತರಿ, ದಾರದ ಉಂಡೆ ಎಲ್ಲ ಉರುಳಿ ಮಡಿಲಿಗೆ ಬರತೊಡಗಿದವು. ಅದಕ್ಕೆ ಅಕ್ಕನೇ ಉಪಾಯ ಹೇಳಿದರು, ಅಂಚಿಗೆ ಒಂದು ತೆಳು ರೀಪು ಹೊಡೆಸಿದೆವು. ಇ.ಸಿ.ಯವನು ಸೂಜಿಯ ಹತ್ತಿರ ಒಂದು ಸಣ್ಣ ಎಲ್‌ಇಡಿ ಕೂರಿಸಿದ. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುವಾಗ ಕಣ್ಣು ಹತ್ತಿರ ಒಯ್ಯುವುದೇ ದೊಡ್ಡ ಕಷ್ಟ ಅಂತ ಅವರು ಹೇಳಿದ್ದರು. ಎಲ್ಲ ಸೇರಿ ಖರ್ಚು 300 ರೂಪಾಯಿ ದಾಟಲಿಲ್ಲ.

ಮತ್ತೆ ಅಳೆದಾಗ ಕೋನ 25ರ ಆಸುಪಾಸು. ರೂಲಾ ಪ್ರಕಾರ 20ಕ್ಕಿಂತ ಮೇಲೆ ಇರುವುದರಿಂದ ಅಂಕ ಈಗಲೂ 3. ನೋವು ಹೋಗಿದೆಯಾ ಅಂದರೆ ಹೋಗಿಲ್ಲ. "ಮೊದ್ಲು ಮಧ್ಯಾಹ್ನಕ್ಕೇ ಬತ್ತಿತ್ತು, ಈಗ ಸಂಜೆ ಮೇಲೆ ಬತ್ತದೆ" ಅಂದರು. ಒಬ್ಬರ ಮಾತಿನಿಂದ ಏನೂ ಸಾಬೀತಾಗುವುದಿಲ್ಲ, ಅದು ನಮಗೂ ಗೊತ್ತು. ಆದರೆ ದೊಡ್ಡ ಮಟ್ಟದಲ್ಲಿ ನೋಡಿದವರೂ ಇದ್ದಾರೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಕುತ್ತಿಗೆ, ಹೆಗಲ ನೋವಿದ್ದ 277 ಹೊಲಿಗೆಯವರ ಮೇಲೆ ಡೇವಿಡ್ ರೆಂಪೆಲ್ ಮತ್ತು ಸಂಗಡಿಗರು ನಾಲ್ಕು ತಿಂಗಳು ಪ್ರಯೋಗ ಮಾಡಿ 2007ರಲ್ಲಿ ಪ್ರಕಟಿಸಿದರು. ಎತ್ತರ ಹೊಂದಿಸಬಹುದಾದ, ಬಾಗು ಸೀಟಿನ ಕುರ್ಚಿ ಸಿಕ್ಕವರ ನೋವು ಉಳಿದವರದಕ್ಕಿಂತ ಹೆಚ್ಚು ಕಡಿಮೆಯಾಗಿತ್ತು. ಒಂದು ಕುರ್ಚಿ ಬದಲಾಯಿಸಿದ್ದಕ್ಕೆ ಅಷ್ಟು ಫಲ.

"ಸಾವಿರ ಮಷಿನ್ ಇರುವ ಫ್ಯಾಕ್ಟರಿಗೆ ಇದೆಲ್ಲ ಎಲ್ಲಿ ಕಟ್ಟುತ್ತದೆ, ಆರ್ಡರ್ ಬಾಂಗ್ಲಾದೇಶಕ್ಕೆ ಹೋಗ್ತದೆ" ಎಂದು ನಮ್ಮಲ್ಲೇ ಒಬ್ಬ ವಾದಿಸಿದ. ತೆಗೆದುಹಾಕುವ ಮಾತಲ್ಲ ಅದು. ವಿದೇಶದ ಬ್ರ್ಯಾಂಡುಗಳು ಪೈಸೆ ಲೆಕ್ಕದಲ್ಲಿ ಚೌಕಾಸಿ ಮಾಡುತ್ತವೆ, ಮಾಲೀಕರ ಕೈಯೂ ಕಟ್ಟಿರುತ್ತದೆ. ಆದರೆ ಲೆಕ್ಕ ಪೂರ್ತಿ ಮಾಡಬೇಕಲ್ಲ? ನೋವಿಗೆ ರಜೆ ಹಾಕಿದವರ ಜಾಗ ಖಾಲಿ, ಕೆಲಸ ಬಿಟ್ಟು ಊರಿಗೆ ಹೋದವರ ಬದಲಿಗೆ ಹೊಸಬರಿಗೆ ತಿಂಗಳುಗಟ್ಟಲೆ ತರಬೇತಿ, ಸಂಜೆಯ ಹೊತ್ತಿಗೆ ಹೆಚ್ಚುವ ತಪ್ಪು ಹೊಲಿಗೆ. ಇವೆಲ್ಲ ಖರ್ಚೇ. ಕುರ್ಚಿಯ ಬೆಲೆ ಒಂದು ಕಾಲಂನಲ್ಲಿ ಕಾಣುತ್ತದೆ, ಉಳಿದದ್ದು ಯಾವ ಕಾಲಂನಲ್ಲೂ ಇಲ್ಲ. ಆ ಕಾಲಂ ಸೇರಿಸುವುದೂ ಐ.ಇ. ಕೆಲಸ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಕುರ್ಚಿ, ಮೇಜು, ಬೆಳಕು ಎಲ್ಲ ಸರಿಮಾಡಿ, ಸುಲಭವಾಯಿತಲ್ಲ ಅಂತ ಟಾರ್ಗೆಟ್ಟನ್ನು 120ರಿಂದ 140ಕ್ಕೆ ಏರಿಸಿದರೆ ಮಾಡಿದ್ದೆಲ್ಲ ವ್ಯರ್ಥ. ಬಿಡುವು, ಕೆಲಸ ಅದಲು ಬದಲು, ಟಾರ್ಗೆಟ್ ಇವು ಮರದ ತುಂಡಿನಿಂದ ಸರಿಹೋಗುವುದಿಲ್ಲ. ಅವಕ್ಕೆ ಕೂತವರ ಮಾತನ್ನು ಕೇಳಬೇಕು, ಅವರ ಸಂಘಟನೆಯನ್ನು ಒಪ್ಪಬೇಕು. ನಾವು ಅಳೆದು ಕೊಡಬಹುದು. ಅಳತೆ ಅವರ ಕೈಗೆ ಸಿಗಬೇಕು.

ನಮ್ಮ ಮೂರು ಊರುಗಳಲ್ಲಿ

ಪೀಣ್ಯದಂಥ ಗಾರ್ಮೆಂಟ್ಸ್ ಸಾಲು ನಮ್ಮಲ್ಲಿಲ್ಲ, ಹಾಗಾಗಿ ಇದು ನಮ್ಮ ವಿಷಯ ಅಲ್ಲ ಅನ್ನಿಸಬಹುದು. ಭಟ್ಕಳದ ಶಂಸುದ್ದೀನ್ ಸರ್ಕಲ್ಲಿನಿಂದ ಹಳೇ ಪೇಟೆಯ ಕಡೆ, ಹೊನ್ನಾವರದ ಬಜಾರಿನಲ್ಲಿ, ಕುಮಟಾದ ಗಿಬ್ ಸರ್ಕಲ್ಲಿನ ಸುತ್ತ ಒಂದು ಸಂಜೆ ನಡೆದು ನೋಡಿ. ಟೇಲರ್ ಅಂಗಡಿಗಳ ಒಳಗೆ ಟ್ಯೂಬ್‌ಲೈಟಿನ ಕೆಳಗೆ ಎಲ್ಲರ ತಲೆಯೂ ಬಗ್ಗಿಯೇ ಇರುತ್ತದೆ. ರಂಜಾನ್ ತಿಂಗಳ ಕೊನೆಯ ವಾರ ಭಟ್ಕಳದಲ್ಲಿ, ಜೂನ್‌ನಲ್ಲಿ ಶಾಲೆ ಯೂನಿಫಾರ್ಮ್ ಹೊತ್ತಿಗೆ ಎಲ್ಲ ಕಡೆ, ಆ ತಲೆಗಳು ಮಧ್ಯರಾತ್ರಿ ದಾಟಿದರೂ ಏಳುವುದಿಲ್ಲ. ಅಲ್ಲಿ ಸೂಪರ್‌ವೈಸರ್ ಇಲ್ಲ. "ನಾಳೆಗೇ ಬೇಕು" ಅಂತ ನಿಲ್ಲುವ ಗಿರಾಕಿಗಳು ನಾವಿದ್ದೇವೆ.

ಹೊಲಿಗೆ ಒಂದೇ ಅಲ್ಲ. ಅಡಿಕೆ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವವರ ಕುತ್ತಿಗೆ ನೋಡಿ. ಭಟ್ಕಳ ಮಲ್ಲಿಗೆ ಕಟ್ಟುವ ಮನೆಗಳಲ್ಲಿ ನಸುಕಿನಿಂದ ಬಗ್ಗಿ ಕೂತವರನ್ನು ನೋಡಿ. ಮೀನು ಬುಟ್ಟಿ ತಲೆಮೇಲೆ ಹೊತ್ತು ಮನೆ ಮನೆಗೆ ಬರುವ ಅಮ್ಮಂದಿರನ್ನು ನೋಡಿ. ನಮ್ಮಲ್ಲಿ ಎಷ್ಟೋ ಜನರ ಸೆಮಿಸ್ಟರ್ ಫೀಸು ಇಂಥದ್ದೇ ಒಂದು ಕುತ್ತಿಗೆಯ ಮೇಲಿಂದ ಬಂದಿದೆ. ಅವರ ಕಸುಬಿಗೆ ಹೊಂದುವ ಮೇಜು, ಮಣೆ, ಬುಟ್ಟಿಯನ್ನು ಯಾವ ಕಂಪನಿಯೂ ತಯಾರಿಸಿಲ್ಲ.

ಹಾಗಾಗಿ ನಮ್ಮ ಕೋರಿಕೆ ಮೂರು. ಒಂದು, ಫೈನಲ್ ಇಯರ್ ಪ್ರಾಜೆಕ್ಟ್ ಆರಿಸುವಾಗ ಹಳೆ ಬ್ಯಾಚಿನ ರಿಪೋರ್ಟನ್ನೇ ಹೆಸರು ಬದಲಿಸಿ ಕೊಡುವ ಬದಲು, ಮೂರು ಊರಿನಲ್ಲಿ ಒಂದೊಂದು ಕಸುಬು ಹಿಡಿಯಿರಿ. ಒಪ್ಪಿಗೆ ಕೇಳಿ, ಅಳೆಯಿರಿ, ಬದಲಾಯಿಸಿ, ಮತ್ತೆ ಅಳೆಯಿರಿ. ಕೆಲಸ ಮಾಡುವವರು ಬೇಡ ಅಂದ ಬದಲಾವಣೆಯನ್ನು ತೆಗೆದುಬಿಡಿ. ಸಿ.ಎಸ್.ನವರು ಫೋಟೋದಿಂದ ಕೋನ ಹೇಳುವ ಆ್ಯಪ್ ಮಾಡಬಹುದು, ಕನ್ನಡದಲ್ಲಿ ಮಾಡಿ. ಎರಡು, ವರ್ಕ್ ಸ್ಟಡಿ ಕಲಿಸುವ ಗುರುಗಳು ಸ್ಟಾಪ್‌ವಾಚ್ ಪ್ರಯೋಗದ ಜೊತೆಗೆ ರೂಲಾ ಹಾಳೆಯನ್ನೂ ತುಂಬಿಸಲಿ. ಮೂರು, ನಾಳೆ ನಿಮ್ಮಲ್ಲಿ ಯಾರಿಗಾದರೂ ಗಾರ್ಮೆಂಟ್ಸ್‌ನಲ್ಲೋ ಬೇರೆ ಫ್ಯಾಕ್ಟರಿಯಲ್ಲೋ ಕೆಲಸ ಸಿಕ್ಕಿ ಕೈಗೆ ಸ್ಟಾಪ್‌ವಾಚ್ ಬಂದರೆ, ಮೊದಲ ದಿನ ಆ ಸ್ಟೂಲಿನ ಮೇಲೆ ನೀವೇ ಒಂದು ಗಂಟೆ ಕೂತು ನೋಡಿ. ಆಮೇಲೆ ಸ್ಯಾಮ್ ಬರೆಯಿರಿ.

ಇದನ್ನು ಬರೆಯುವಾಗ ನಮ್ಮ ತಪ್ಪನ್ನೂ ಹೇಳಲೇಬೇಕು. 12 ದಿನಕ್ಕೆ 40 ಜುಬ್ಬಾ ಎಂಬ ಟಾರ್ಗೆಟ್ ಕೊಟ್ಟದ್ದು ಯಾವ ಫ್ಯಾಕ್ಟರಿಯೂ ಅಲ್ಲ, ನಮ್ಮ ಸಂಘ. ಬಣ್ಣ ಯಾವುದು ಅಂತ ಗ್ರೂಪಿನಲ್ಲಿ ಮೂರು ವಾರ ಜಗಳಾಡಿ, ಆ ಮೂರು ವಾರವನ್ನು ಅಕ್ಕನ ಕುತ್ತಿಗೆಯಿಂದ ವಸೂಲಿ ಮಾಡಿದ್ದೆವು. ಈ ವರ್ಷದ ಬಟ್ಟೆ ಆಗಸ್ಟಿನಲ್ಲೇ ಆರಿಸಿ, ಸೆಪ್ಟೆಂಬರ್ ಮೊದಲ ವಾರದಲ್ಲಿ ಅವರಿಗೆ ಕೊಡಬೇಕು ಅಂತ ಸಂಘದ ಸಭೆಯಲ್ಲಿ ತೀರ್ಮಾನ ಆಗಿದೆ. ಬಣ್ಣದ ಬಗ್ಗೆ ಅಭಿಪ್ರಾಯ ಇದ್ದವರು ಜುಲೈ ಕೊನೆಯೊಳಗೆ ತಿಳಿಸಿ. ಕಪ್ಪು ಬಣ್ಣ ಈ ಸಲ ಬೇಡ.